ಭೀಮಲಿಂಗಪ್ಪ ತಿಂದ ರೊಟ್ಟಿ

ಉಚ್ಚೀರಪ್ಪನಿಗೆ ಆ ಶನಿವಾರ ಒದಗಿದ ಪೇಚಾಟಕ್ಕೆಲ್ಲ ಮೂಲ ಅವನ ಬಾಯಿಂದ ಜಾರಿದ ಒಂದು ಮಾತು. ಅವನು ಮಾತಿನ ಮನುಷ್ಯನೇ ಅಲ್ಲ. ತೊಗಲು ಹದ ಮಾಡಿ ಕಪಿಲೆ ಬಾವಿಯಿಂದ ಎತ್ತುಗಳು ನೀರೆಳೆಯುವ ಬಾನಿ ಹೊಲಿಯುವುದು, ಊರಿನ ಕಾಲುಗಳಿಗೆಲ್ಲ ಕೆರ ಹೊಲಿಯುವುದು ಅವನ ಕೆಲಸ. ಹಲ್ಲಿನಲ್ಲಿ ಸದಾ ದಾರ ಕಚ್ಚಿಕೊಂಡಿರುತ್ತಿದ್ದ ಕಾರಣ ಮಾತು ಹೊರಗೆ ಬರಲು ದಾರಿಯೇ ಇರುತ್ತಿರಲಿಲ್ಲ. ಆ ದಿನ ಮುಂಜಾನೆ ಮಾತ್ರ ದಾರ ಮುಗಿದಿತ್ತು.

ಅವನು ನಾಗಲದಿನ್ನೆಯಲ್ಲಿ ಜಂಬಪ್ಪಗೌಡನ ಮನೆಯ ಮುಂದೆ, ಹುಣಸೆಯ ನೆರಳಿಗೆ ಕೂತು ಹೊಸ ಬಾನಿಗೆ ಕಬ್ಬಿಣದ ಬಳೆ ಕೂಡಿಸುತ್ತಿದ್ದ. ಕಟ್ಟೆಯ ಮೇಲಿದ್ದವರು ಜಂಬಪ್ಪನ ಅಣ್ಣ ಭೀಮಲಿಂಗಪ್ಪನ ವಿಷಯ ತೆಗೆದಿದ್ದರು. ಹೋದ ತಿಂಗಳು ಸತ್ತ ಮುದುಕ ಸಾಯುವುದಾದರೂ ಒಳ್ಳೆ ನಕ್ಷತ್ರ ನೋಡಿ ಸಾಯಲಿಲ್ಲ. ಪುರೋಹಿತರು ಪಂಚಾಂಗ ಬಿಚ್ಚಿ, ಪಂಚಕದಲ್ಲಿ ಹೋಗಿದ್ದಾನೆ, ಮೂರು ತಿಂಗಳು ಆ ಮನೆ ಬಿಡಬೇಕು, ಒಲೆ ಹೊತ್ತಿಸಬಾರದು, ಯಾರೂ ಕಾಲಿಡಬಾರದು ಎಂದು ಹೇಳಿಬಿಟ್ಟರು. ಅಂಥ ಸಾವಾದರೆ ಹೆಣವನ್ನು ತಲಬಾಗಿಲಿನಿಂದ ಒಯ್ಯುವಂತಿಲ್ಲ. ಹಿತ್ತಲ ಗೋಡೆ ಒಡೆದು ಕಂಡಿ ಮಾಡಿ ಅದರೊಳಗಿಂದ ಹೊರಗೆ ತಂದರು. ಆಮೇಲೆ ಕಂಡಿಗೆ ಜಾಲಿಮುಳ್ಳು ತುಂಬಿದರು, ತಲಬಾಗಿಲಿಗೆ ಬೀಗ ಹಾಕಿ ಅಲ್ಲಿಗೂ ಒಂದು ಮುಳ್ಳುಕೊಂಬೆ ಬಡಿದರು. ಮುದುಕನ ಹೆಂಡತಿ ಬಸವಕ್ಕ, ಮಗ ಸಿದ್ದಬಸಪ್ಪ, ಬಸುರಿ ಸೊಸೆ ಲಿಂಗಕ್ಕ, ಮೂವರೂ ಕೌದಿ ಚರಿಗೆ ಹೊತ್ತು ಜಂಬಪ್ಪನ ಮನೆ ಸೇರಿದರು. ಆ ಮನೆಯಲ್ಲಿ ಮೊದಲೇ ಕಾಲು ಚಾಚಲು ಜಾಗವಿರಲಿಲ್ಲ.

ಅವರು ಮನೆ ಬಿಟ್ಟ ಸ್ವಲ್ಪ ದಿನಕ್ಕೇ ಆ ಬೀಗ ಹಾಕಿದ ಮನೆಯೊಳಗೆ ಸದ್ದು ಶುರುವಾಯಿತು. ಅದೂ ಮಟಮಟ ಮಧ್ಯಾಹ್ನ. ಯಾರೋ ಕೆಮ್ಮುತ್ತಾರೆ. ಮಂಚ ಕಿರುಗುಟ್ಟುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಚುಟ್ಟದ ಹೊಗೆ ಏಳುತ್ತದೆ. ಹಿತ್ತಲ ಓಣಿಯ ಆಚೆ ಹತ್ತಿ ಹಿಂಜುವವರ ಹುಸೇನಮ್ಮನ ಮನೆ ಇತ್ತು. ಆಕೆ ದಿನಾ ಸಂಜೆ ಈ ಸುದ್ದಿಯನ್ನು ಹತ್ತಿಯ ಹಾಗೆಯೇ ಹಿಂಜಿ, ಒಂದು ಹಿಡಿ ಇದ್ದದ್ದನ್ನು ಒಂದು ಮೂಟೆ ಮಾಡಿ ಊರಿಗೆ ಹಂಚುತ್ತಿದ್ದಳು. ಭೀಮಲಿಂಗಪ್ಪ ಬದುಕಿದ್ದಾಗ ಕೆಮ್ಮುತ್ತಿದ್ದ, ಚುಟ್ಟ ಸೇದುತ್ತಿದ್ದ, ಮಧ್ಯಾಹ್ನ ಮಲಗುತ್ತಿದ್ದ. ಇನ್ನೇನು ಸಾಕ್ಷಿ ಬೇಕು?

ಇಷ್ಟು ಹೊತ್ತಿಗೆ ಉಚ್ಚೀರಪ್ಪ, ಬಾನಿಯಿಂದ ತಲೆ ಎತ್ತದೆ, ಅಂದುಬಿಟ್ಟ.

"ಸತ್ತೋರು ಹಂಗೆಲ್ಲ ತಿರಗಾಡಂಗಿಲ್ರಿ ಗೌಡ್ರ. ಮಲಗಿರ್ತಾರ. ಕಡೀ ದಿನ ದೇವರು ಎಬ್ಬಿಸಿದಾಗನ ಏಳೋದು."

ಈ ಮಾತು ಅವನದಲ್ಲ, ಎಮ್ಮಿಗನೂರಿನಿಂದ ತಿಂಗಳಿಗೊಮ್ಮೆ ಸೈಕಲ್ ಮೇಲೆ ಬರುವ ಪಾದ್ರಿ ಅಯ್ಯಗಾರದು. ಎರಡು ವರ್ಷದಿಂದ ಉಚ್ಚೀರಪ್ಪ ಅವರ ಪಾಠಕ್ಕೆ ಕೂಡುತ್ತಿದ್ದ. ಅಯ್ಯಗಾರು ಹೇಳಿದ್ದನ್ನೆಲ್ಲ ಅವನು ಮನಸಾರೆ ನಂಬುತ್ತಿದ್ದ. ಆದರೆ ಅಯ್ಯಗಾರು ಪಕ್ಕದಲ್ಲಿರಬೇಕು, ಹೊತ್ತು ನೆತ್ತಿಯ ಮೇಲಿರಬೇಕು. ಅವರ ಸೈಕಲ್ಲು ಊರು ದಾಟಿದ ಮೇಲೆ ಅವನ ಅಜ್ಜಿ ಚಿಕ್ಕಂದಿನಲ್ಲಿ ಹೇಳಿದ ದೆವ್ವಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಬಂದು ಕೂಡುತ್ತಿದ್ದವು.

ಜಂಬಪ್ಪ ಕೇಳಿದ, ಹಾಗಾದರೆ ನಿನಗೆ ಭೀಮಣ್ಣನ ಮನೆ ಎಂದರೆ ಅಂಜಿಕೆ ಇಲ್ಲವೇ ಎಂದು. ಉಚ್ಚೀರಪ್ಪ ಬಾನಿಯ ಬಳೆ ಬಡಿಯುತ್ತಲೇ ಇಲ್ಲ ಎಂದ.

"ಛಲೋ ಆತು. ಹಂಗಾದ್ರ ಇವತ್ತು ಹೊತ್ತು ಮುಳಗೂ ತನಕ ಒಳಗ ಕುಂತು ನೋಡು. ದೆವ್ವ ಐತಿ ಅಂದ್ರ ಐತಿ, ಇಲ್ಲ ಅಂದ್ರ ಇಲ್ಲ. ನಿನ್ನ ಮಾತು ಊರೆಲ್ಲ ನಂಬತೈತಿ."

ಉಚ್ಚೀರಪ್ಪ ನುಣುಚಿಕೊಳ್ಳಲು ನೋಡಿದ. ಅವನೂ ಅವನ ಅಪ್ಪನೂ ಆ ಮನೆಗೆ ತಲೆತಲಾಂತರದಿಂದ ಕೆರ ಬಾನಿ ಕೊಟ್ಟವರೇ ಹೊರತು ಹೊಸ್ತಿಲು ದಾಟಿದವರಲ್ಲ. ತಾನು ಒಳಗೆ ಬಂದರೆ ಮೈಲಿಗೆಯಾಗುತ್ತದಲ್ಲ ಎಂದ. ಅದಕ್ಕೂ ಜಂಬಪ್ಪನಲ್ಲಿ ಉತ್ತರವಿತ್ತು. ಬಿಟ್ಟ ಮನೆ, ಹೇಗೂ ಸುಣ್ಣ ಬಳಿದು ಶುದ್ಧಿ ಮಾಡಿಯೇ ಒಳಗೆ ಹೋಗುವುದು, ಒಂದು ಮೈಲಿಗೆಗೆ ಇನ್ನೊಂದು ಸೇರಿದರೆ ಖರ್ಚೇನೂ ಹೆಚ್ಚಾಗುವುದಿಲ್ಲ ಎಂದು ಸಮಾಧಾನ ಹೇಳಿದ.

ಹೆಂಡತಿಯಾದರೂ ಬೇಡ ಎಂದಾಳೆಂಬ ಕೊನೆಯ ಆಸೆಯಲ್ಲಿ ಮನೆಗೆ ಹೋದ. ಆಕೆ ಎರಡು ವರ್ಷದ ಹಿಂದೆಯೇ ದೀಕ್ಷಾಸ್ನಾನ ಪಡೆದು ಶಂಕರಮ್ಮ ಇದ್ದವಳು ಮಾರ್ಥಮ್ಮ ಆಗಿದ್ದಳು. ಉಚ್ಚೀರಪ್ಪನದು ಮಾತ್ರ ಎರಡು ಸಲ ಮುಂದಕ್ಕೆ ಹೋಗಿತ್ತು. ಮೊದಲ ಸಲ ಅಯ್ಯಗಾರಿಗೆ ಅವನ ಬಾಯಲ್ಲಿ ಚುಟ್ಟದ ವಾಸನೆ ಬಂತು. ಎರಡನೆಯ ಸಲ ಮಗಳ ಮೈಮೇಲೆ ಅಮ್ಮನ ಗುಳ್ಳೆ ಎದ್ದಾಗ ಬಾಗಿಲಿಗೆ ಬೇವು ಕಟ್ಟಿದ್ದು ಗೊತ್ತಾಯಿತು. ಅಂದಿನಿಂದ ಚುಟ್ಟ ಮುಟ್ಟಿರಲಿಲ್ಲ, ಬೇವಿನ ಮರದ ಕಡೆ ನೋಡಲಿಕ್ಕೂ ಹಿಂಜರಿಯುತ್ತಿದ್ದ. ಈಗ ಮೂರನೆಯ ಸರದಿ. ಈ ಹೊತ್ತು ಸಂಜೆ ಅಯ್ಯಗಾರು ಬಂದು ವಿಚಾರಿಸಿ, ಸರಿ ಕಂಡವರಿಗೆ ನಾಳೆ ಮುಂಜಾನೆ ತುಂಗಭದ್ರೆಯಲ್ಲಿ ಸ್ನಾನ ಕೊಡುವವರಿದ್ದರು. ಮಗಳಿಗೆ ಆದೋನಿಯ ಗೌಂಡಿಯವರ ಹುಡುಗನ ಜೊತೆ ಮಾತಾಗಿತ್ತು. ಅವರು ಮೊದಲಿನಿಂದ ಸಭೆಗೆ ಸೇರಿದವರು. ಹುಡುಗಿಯ ತಂದೆಗೆ ದೀಕ್ಷೆ ಆದ ತಿಂಗಳೊಳಗೇ ಮದುವೆ, ಆಗದಿದ್ದರೆ ಆಗುವ ತನಕ ಮದುವೆ ಇಲ್ಲ ಎಂದಿದ್ದರು.

ಮಾರ್ಥಮ್ಮ ವಿಷಯ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹೋಗಿ ಕುಂಡ್ರು. ಅಯ್ಯಗಾರು ಕೇಳಿದ್ರ ಸಂತೋಷ ಪಡ್ತಾರ. ಮನ್ಯಾಗಿದ್ದು ಏನ ಕಡದು ಗುಡ್ಡಿ ಹಾಕ್ತಿ?"

ರೊಟ್ಟಿಯಾದರೂ ತಿಂದು ಹೋಗುತ್ತೇನೆ ಎಂದ. ಅಷ್ಟರಲ್ಲಿ ಜಂಬಪ್ಪನ ಆಳು ಬಾಗಿಲಿಗೆ ಬಂದು ನಿಂತಿದ್ದ, ಮಧ್ಯಾಹ್ನವಾದರೆ ದೆವ್ವ ಬಂದುಬಿಡುತ್ತದೆ, ಅದಕ್ಕಿಂತ ಮೊದಲೇ ಕೂಡಬೇಕು ಎಂದು.

ಬೀಗ ತೆಗೆದು, ಉಚ್ಚೀರಪ್ಪನನ್ನು ಒಳಗೆ ಬಿಟ್ಟು, ಮತ್ತೆ ಬೀಗ ಜಡಿದರು. ಒಳಗೆ ಕತ್ತಲೆ, ತಂಪು, ಹಳೆ ಜೋಳದ ವಾಸನೆ. ಮುಂದೆ ಪಡಸಾಲೆ, ಒಳಗೆ ನಡುಮನೆ. ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಭೀಮಲಿಂಗಪ್ಪನ ಮಂಚ, ಮೂಲೆಯಲ್ಲಿ ಜೋಳ ತುಂಬುವ ಆಳೆತ್ತರದ ಮಣ್ಣಿನ ವಾಡೆ. ಉಚ್ಚೀರಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತ. ಹಿಂದಿನಿಂದ ಯಾರೂ ಬರಬಾರದು ಎಂಬ ಲೆಕ್ಕ. ಅಯ್ಯಗಾರು ಕಲಿಸಿದ ಪ್ರಾರ್ಥನೆ ಶುರು ಮಾಡಿದ. ನಡುವೆ ಒಂದು ಸಾಲು ಮರೆಯಿತು. ಹಿಂದಕ್ಕೆ ಬಂದು ಮೊದಲಿನಿಂದ ಹಿಡಿದ. ಮತ್ತೆ ಅಲ್ಲಿಗೇ ಬಂದು ನಿಂತಿತು. ಕಪಿಲೆ ಎತ್ತುಗಳ ಹಾಗೆ ಅವನ ಪ್ರಾರ್ಥನೆ ಇಳಿಜಾರಿನಲ್ಲಿ ಮುಂದೆ ಹೋಗುವುದು, ಹಿಂದೆ ಸರಿಯುವುದು, ಇಷ್ಟೇ ಆಯಿತು. ನೀರು ಮಾತ್ರ ಮೇಲೆ ಬರಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಹಿತ್ತಲ ಕಡೆ ಮುಳ್ಳು ಸರಕ್ಕೆಂದಿತು. ಆಮೇಲೆ ಒಂದು ಕೆಮ್ಮು. ಅದು ಭೀಮಲಿಂಗಪ್ಪನ ಕೆಮ್ಮೇ, ಗಂಟಲಲ್ಲಿ ಕಲ್ಲು ಉರುಳಿದ ಹಾಗೆ. ಮಂಚ ಕಿರುಗುಟ್ಟಿತು. ಚುಟ್ಟದ ವಾಸನೆ ಪಡಸಾಲೆಗೆ ಬಂತು. ಭಯದ ನಡುವೆಯೂ ಆ ವಾಸನೆ ಉಚ್ಚೀರಪ್ಪನ ಮೂಗಿಗೆ ಹಿತವಾಗಿಯೇ ಇತ್ತು.

ತಲಬಾಗಿಲಿಗೆ ಬೀಗ. ಓಡುವ ಹಾಗಿಲ್ಲ. ನೋಡದೆ ಕೂಡುವುದು ನೋಡುವುದಕ್ಕಿಂತ ಕಷ್ಟವಾಗಿ, ಅವನು ಗೋಡೆ ಸವರುತ್ತ ನಡುಮನೆಯ ಬಾಗಿಲಿಗೆ ಹೋದ. ಮಂಚದ ಮೇಲೆ ಮುಖದ ತನಕ ಧೋತರ ಹೊದ್ದು ಒಂದು ಆಕಾರ ಮಲಗಿತ್ತು. ಧೋತರದ ಸಂದಿಯಿಂದ ಹೊಗೆ ಏಳುತ್ತಿತ್ತು. ಉಚ್ಚೀರಪ್ಪ ಯೇಸಪ್ಪನ ಹೆಸರು ಕೂಗಿದ. ಮೆಲ್ಲಗೆ ಕೂಗಬೇಕೆಂದಿದ್ದ, ಅದು ಡಂಗುರ ಸಾರುವ ಊರ ತಳವಾರನ ದನಿಯಾಗಿ ಬಂತು.

ಆಕಾರ ಮಂಚದಿಂದ ಹಾರಿ ಕೆಳಗೆ ಬಿದ್ದು ನೆಲಕ್ಕೆ ಹಣೆ ಹಚ್ಚಿತು.

"ಯಪ್ಪಾ, ತಪ್ಪಾತು. ನಿನ್ನ ಮಂಚದ ಮ್ಯಾಲ ಇನ್ನ ಮಲಗಂಗಿಲ್ಲ. ಚುಟ್ಟ ಮುಟ್ಟಂಗಿಲ್ಲ."

ಅದು ಸಿದ್ದಬಸಪ್ಪ. ಮುಂಜಾನೆಯೇ ಹೊಲಕ್ಕೆ ಹೋಗಿದ್ದವನಿಗೆ ಕಟ್ಟೆಯ ಮಾತು ಮುಟ್ಟಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿ, ಮನುಷ್ಯರೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅವನು ತನ್ನ ಗೋಳು ಹೇಳಿಕೊಂಡ. ಕಕ್ಕನ ಮನೆಯಲ್ಲಿ ಇರುಳೆಲ್ಲ ಕಕ್ಕನ ಮಾತು, ಮಕ್ಕಳ ಕಾಲು ಇವನ ಹೊಟ್ಟೆಯ ಮೇಲೆ. ನಿದ್ದೆಯಿಲ್ಲ. ದೊಡ್ಡವರ ಎದುರು ಚುಟ್ಟ ಸೇದುವ ಹಾಗಿಲ್ಲ. ಹೆಣ ತಂದ ಕಂಡಿ ಎಂದು ಅದರ ಹತ್ತಿರ ಊರಲ್ಲಿ ಯಾರೂ ಸುಳಿಯುವುದಿಲ್ಲವಾದ್ದರಿಂದ ಅವನಿಗೆ ಅದೇ ಬಾಗಿಲಾಗಿತ್ತು. ಪಂಚಕದ ಮನೆಗೆ ಮಗನೇ ಕಾಲಿಟ್ಟದ್ದು ಗೊತ್ತಾದರೆ ಪುರೋಹಿತರು ಮೂರು ತಿಂಗಳನ್ನು ಆರು ಮಾಡುತ್ತಾರೆ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡು ಎಂದು ಕೈ ಹಿಡಿದುಕೊಂಡ.

"ನಮ್ಮಲ್ಲಿ ಆಣಿ ಇಡಂಗಿಲ್ರಿ ಸಣ್ಣಗೌಡ್ರ. ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ಅಷ್ಟ."

ದಿನಾ ಇಷ್ಟು ಹೊತ್ತಿಗೆ ಅವನು ಹೋಗಿಬಿಡುತ್ತಿದ್ದ, ಇವತ್ತು ಮಾತಿನಲ್ಲಿ ತಡವಾಗಿತ್ತು. ಅಷ್ಟರಲ್ಲಿ ಮತ್ತೆ ಮುಳ್ಳಿನ ಸದ್ದು. ಸಿದ್ದಬಸಪ್ಪ ಆ ಖಾಲಿ ವಾಡೆಯೊಳಗೆ ಇಲಿಯ ಹಾಗೆ ಇಳಿದುಬಿಟ್ಟ. ಒಳಗೆ ಬಂದದ್ದು ಅವನ ಹೆಂಡತಿ ಲಿಂಗಕ್ಕ. ಸೆರಗು ಮುಳ್ಳಿನಿಂದ ಬಿಡಿಸಿಕೊಂಡು ತಲೆ ಎತ್ತಿದರೆ ಎದುರಿಗೆ ಉಚ್ಚೀರಪ್ಪ. ಅಡಿಗೆಮನೆಯ ಹೆಂಗಸರಿಗೂ ಕಟ್ಟೆಯ ಸುದ್ದಿ ಯಾರೂ ಹೇಳಿರಲಿಲ್ಲ. ಆಕೆ ಕಿರುಚಲಿಕ್ಕೆ ಬಾಯಿ ತೆರೆದಳು. ಕಿರುಚಿದರೆ ಹುಸೇನಮ್ಮನಿಗೆ ಕೇಳುತ್ತದೆ ಎಂದು ಹೊಳೆದು ಹಾಗೇ ಮುಚ್ಚಿಕೊಂಡಳು.

ಆಕೆಯದು ಇನ್ನೊಂದು ಗೋಳು. ಜಂಬಪ್ಪನ ಹೆಂಡತಿ ಗುರುಬಸಮ್ಮ ರೊಟ್ಟಿ ಎಣಿಸಿ ಹಾಕುತ್ತಾಳೆ. ಉಪ್ಪಿನಕಾಯಿ ಭರಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಎರಡು ಜೀವದವಳಿಗೆ ಹೊಟ್ಟೆ ತುಂಬುವುದಿಲ್ಲ, ಬಾಯಿಗೆ ಹುಳಿಯಿಲ್ಲ. ಇಲ್ಲಿ ಅಡಿಗೆಮನೆಯ ಅಟ್ಟದ ಮೇಲೆ ತಾನೇ ಹಾಕಿದ ಮಾವಿನಕಾಯಿ ಇತ್ತು, ಅದನ್ನು ಹಚ್ಚಿಕೊಂಡು ರೊಟ್ಟಿ ತಿನ್ನಲು ಬರುತ್ತಿದ್ದಳು. ರೊಟ್ಟಿ ಎಲ್ಲಿಂದ ಎಂದು ಉಚ್ಚೀರಪ್ಪ ಕೇಳಿದ. ಆಕೆ ತಲೆ ತಗ್ಗಿಸಿದಳು. ಅತ್ತೆ ದಿನಾ ಮಧ್ಯಾಹ್ನ ಇದೇ ಕಂಡಿಯಿಂದ ಬಂದು ಮಾವನ ಮಂಚದ ಹತ್ತಿರ ರೊಟ್ಟಿ ಇಟ್ಟು ಹೋಗುತ್ತಾಳೆ, ಮಾವ ಬಂದು ತಿನ್ನುತ್ತಾನೆ ಎಂದು ತಿಳಿದಿದ್ದಾಳೆ.

"ತಿನ್ನಾಕಿ ನಾನು. ಮುದುಕಿಗೆ ಗೊತ್ತಾದ್ರ ಎದಿ ಒಡಕೊಂತಾಳ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡಪ್ಪಾ."

ವಾಡೆಯೊಳಗೆ ಏನೋ ಮಿಸುಕಿದ ಸದ್ದಾಯಿತು. ಉಚ್ಚೀರಪ್ಪ ಜೋರಾಗಿ ಕೆಮ್ಮಿ ಅದನ್ನು ಮುಚ್ಚಿ, ಈಕೆಗೂ ಮಾತು ಕೊಟ್ಟ. ಮೂರನೆಯ ಸಲ ಮುಳ್ಳು ಸರಿಯಿತು. ಲಿಂಗಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಹೋದಳು.

ಬಸವಕ್ಕ ಮುದುಕಿಯಾದರೂ ಇಬ್ಬರಿಗಿಂತ ಸಲೀಸಾಗಿ ಬಂದಳು. ಸೆರಗಿನ ಕೆಳಗೆ ತಟ್ಟೆ. ಉಚ್ಚೀರಪ್ಪನನ್ನು ಕಂಡು ಬೆಚ್ಚಲಿಲ್ಲ, ನೀನೇನು ಮಾಡುತ್ತೀ ಇಲ್ಲಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಂಚದ ಬಳಿ ಕೂತು ಖಾಲಿ ಮಂಚವನ್ನು ಬೈಯತೊಡಗಿದಳು. ಬಿತ್ತನೆ ಜೋಳ ಎಲ್ಲಿಟ್ಟಿದ್ದೀ ಎಂದು ಹೇಳದೆ ಹೋದೆಯಲ್ಲ, ನಿನ್ನ ತಮ್ಮನ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಯಿತಲ್ಲ, ಸಾಯುವುದಕ್ಕೂ ಒಂದು ಒಳ್ಳೆ ದಿನ ಸಿಗಲಿಲ್ಲವೇ ನಿನಗೆ ಎಂದು. ದನಿ ಏರಿಸಲಿಲ್ಲ. ದಿನಾ ಸಂಜೆ ದನಗಳ ಜೊತೆ ಮಾತಾಡುವ ಹಾಗೆ ಆಡುತ್ತ ಹೋದಳು.

ಬೈದು ಮುಗಿದ ಮೇಲೆ ಅವನ ಕಡೆ ತಿರುಗಿದಳು.

"ಸತ್ತೋರು ಮಲಗಿರ್ತಾರ ಅಂತೀರಲ್ಲೋ ನೀವು. ಮತ್ತ ನಾ ಇಟ್ಟ ರೊಟ್ಟಿ ದಿನಾ ತಿನ್ನಾಕ ಎದ್ದು ಬರೋರು ಯಾರು?"

ಉಚ್ಚೀರಪ್ಪನಿಗೆ ಅಯ್ಯಗಾರ ಪಾಠವೆಲ್ಲ ಬಾಯಿಗೆ ಬಂತು. ಸತ್ತವರು ದೇವರ ಕೈಯಲ್ಲಿ ಇರುತ್ತಾರೆ, ಅವರಿಗೆ ಹಸಿವಿಲ್ಲ, ನೀರಡಿಕೆಯಿಲ್ಲ, ದಿಕ್ಕಿಲ್ಲದೆ ಅಲೆಯುವುದಿಲ್ಲ. ಅಷ್ಟು ಹೇಳಿದ. ರೊಟ್ಟಿಯ ಮಾತಿಗೆ ಮಾತ್ರ ಸುಮ್ಮನಾದ. ಆ ಹೊತ್ತಿಗೆ ವಾಡೆಯ ಧೂಳಿಗೆ ಸಿದ್ದಬಸಪ್ಪ ಒಂದು ಸೀನು ಸೀನಿದ. ವಾಡೆಯ ಹೊಟ್ಟೆಯೊಳಗೆ ಅದು ಗುಡುಗಿದ ಹಾಗೆ ಸುತ್ತಿ ಮೇಲೆ ಬಂತು.

"ನೋಡು, ಅಲ್ಲೇ ಅದಾನ," ಎಂದು ಮುದುಕಿ ನಗುತ್ತ ಎದ್ದಳು. ತಾನು ಬಂದದ್ದನ್ನು ಹೇಳಬೇಡ, ಜಂಬಪ್ಪನಿಗೆ ತಿಳಿದರೆ ಕಂಡಿಗೆ ಕಲ್ಲು ಇಡಿಸುತ್ತಾನೆ ಎಂದಳು. ಉಚ್ಚೀರಪ್ಪ ಮೂರನೆಯ ಮಾತು ಕೊಟ್ಟ.

ಆಕೆ ಹೋದ ಮೇಲೆ ಲಿಂಗಕ್ಕ ಬಂದು ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂದಳು. ಮುಂಜಾನೆಯಿಂದ ಏನೂ ತಿನ್ನದ ಉಚ್ಚೀರಪ್ಪನ ಹೊಟ್ಟೆ ಆ ಕರುಕುರು ಸದ್ದಿಗೆ ತಾನೂ ದನಿ ಕೂಡಿಸಿತು. ಆಕೆಗೆ ಕೇಳಿಸಿರಬೇಕು, ಅರ್ಧ ಮುರಿದು ಮುಂದೆ ಚಾಚಿದಳು. ಎರಡು ಜೀವದಾಕಿ ನೀ ತಿನ್ನವ್ವ ಎಂದು ಅವನು ಗೋಡೆಯ ಕಡೆ ಮುಖ ಮಾಡಿದ. ಆಕೆ ತಿಂದು, ಮಾವಿನ ವಾಟೆಗಳನ್ನು ತಟ್ಟೆಯಲ್ಲೇ ಬಿಟ್ಟು, ಬಂದ ದಾರಿಯಲ್ಲಿ ಹೋದಳು. ಆಮೇಲೆ ಸಿದ್ದಬಸಪ್ಪನನ್ನು ವಾಡೆಯಿಂದ ಎಳೆಯುವುದು ಉಚ್ಚೀರಪ್ಪನ ಪಾಲಿಗೆ ಬಂತು. ಬಾವಿಯಿಂದ ತುಂಬಿದ ಬಾನಿ ಎತ್ತಿದ ಹಾಗಾಯಿತು. ಹೊರಗೆ ಬಂದವನು ತನ್ನ ಹೆಂಡತಿ ಹಸಿದಿದ್ದು ತನಗೇ ತಿಳಿಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡ. ತನಗೆ ಗೊತ್ತಾಯಿತೆಂದು ಆಕೆಗೆ ಹೇಳಬೇಡ ಎಂದು ಇನ್ನೊಂದು ಮಾತು ತೆಗೆದುಕೊಂಡು ಕಂಡಿಯೊಳಗೆ ನುಸುಳಿದ. ಚುಟ್ಟದ ತುಂಡು ಮಂಚದ ಕೆಳಗೇ ಉಳಿಯಿತು.

ಹೊತ್ತು ಮುಳುಗುವಾಗ ಬೀಗ ತೆಗೆದರೆ ಮನೆಯ ಮುಂದೆ ಅರ್ಧ ಊರೇ ನಿಂತಿತ್ತು. ಮುಂದೆ ಜಂಬಪ್ಪ, ಹುಸೇನಮ್ಮ. ಪಕ್ಕದಲ್ಲಿ ಏನೂ ಅರಿಯದವರ ಹಾಗೆ ಬಸವಕ್ಕ, ಸಿದ್ದಬಸಪ್ಪ, ಲಿಂಗಕ್ಕ, ಮೂವರ ಮುಂಗೈಯಲ್ಲೂ ಜಾಲಿಮುಳ್ಳಿನ ಗೀರು. ಮಾರ್ಥಮ್ಮನೂ ಇದ್ದಳು. ಅಯ್ಯಗಾರು ಸೈಕಲ್ಲು ಹಿಡಿದುಕೊಂಡೇ ನಿಂತಿದ್ದರು. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಅವರ ಸೈಕಲ್ಲಿನ ದೀಪ ಬರೀ ಅಲಂಕಾರಕ್ಕಿತ್ತು. ಕತ್ತಲಾಗುವುದರೊಳಗೆ ವಿಚಾರಣೆ ಮುಗಿಸಬೇಕಿತ್ತು.

ಅಯ್ಯಗಾರು ಕೇಳಿದರು, ಒಳಗೆ ದೆವ್ವ ಭೂತ ಏನಾದರೂ ಕಂಡಿತೇ ಎಂದು.

"ಇಲ್ರಿ ಅಯ್ಯಗಾರು. ಇರಂಗಿಲ್ಲ."

ಅದನ್ನು ಅವನು ಎಷ್ಟು ನಿರಾಳವಾಗಿ ಹೇಳಿದನೆಂದರೆ ಅಯ್ಯಗಾರ ಮುಖ ಅರಳಿತು. ಕೆಟ್ಟ ಆತ್ಮಗಳು ಇಲ್ಲವೆಂದಲ್ಲ, ಆದರೆ ಮನುಷ್ಯನ ಅಂಜಿಕೆಯೇ ಅವುಗಳಿಗೆ ಮನೆ ಕಟ್ಟಿಕೊಡುತ್ತದೆ, ಈತ ಇಂದು ಆ ಮನೆ ಕೆಡವಿದ್ದಾನೆ ಎಂದು ಜನರಿಗೆ ನಾಲ್ಕು ಮಾತು ಹೇಳಿದರು. ನಾಳೆ ಹೊತ್ತು ಹುಟ್ಟುವ ಹೊತ್ತಿಗೆ ಬಿಳಿ ಧೋತರ ಉಟ್ಟು ನದಿಗೆ ಬಾ ಎಂದರು. ಮಾರ್ಥಮ್ಮ ಗಂಡನನ್ನು ನೋಡಿ ನಕ್ಕಳು. ಆಕೆ ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಆಗ ಒಳಗೆ ಹೋಗಿದ್ದ ಜಂಬಪ್ಪ ಒಂದು ಕೈಯಲ್ಲಿ ರೊಟ್ಟಿಯ ಚೂರು, ಮಾವಿನ ವಾಟೆ ಇದ್ದ ತಟ್ಟೆ, ಇನ್ನೊಂದು ಕೈಯಲ್ಲಿ ಚುಟ್ಟದ ತುಂಡು ಹಿಡಿದು ಹೊರಗೆ ಬಂದ.

"ದೆವ್ವ ಇಲ್ಲ ಅಂತಿ. ಮತ್ತ ಇದನ್ನ ಸೇದಿದವ ಯಾರು? ಇದನ್ನ ತಿಂದವ ಯಾರು?"

ಉಚ್ಚೀರಪ್ಪ ಸಿದ್ದಬಸಪ್ಪನ ಕಡೆ ನೋಡಿದ. ಅವನು ಮೋಡ ಹುಡುಕುವವನ ಹಾಗೆ ಆಕಾಶ ನೋಡುತ್ತಿದ್ದ. ಲಿಂಗಕ್ಕ ಸೆರಗು ಮುಖಕ್ಕೆ ಎಳೆದುಕೊಂಡಳು. ಬಸವಕ್ಕ ಮಾತ್ರ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂದರೆ ಸುಳ್ಳು. ಸುಮ್ಮನಿದ್ದರೆ ಹುಸೇನಮ್ಮ ಅವನ ಬದಲು ದೆವ್ವ ಎಂದು ಹೇಳಿಬಿಡುತ್ತಾಳೆ. ನಿಜ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ, ಮುದುಕಿಯ ಎದೆ ಒಡೆಯುತ್ತದೆ. ಅವನು ಬಿಳಿ ಧೋತರವನ್ನೂ ಮಗಳನ್ನೂ ಒಂದು ಗಳಿಗೆ ನೆನೆದ.

"ನಾನ್ರಿ," ಎಂದ. "ಸೇದಿದವನೂ ನಾನ. ತಿಂದವನೂ ನಾನ."

ಮಾರ್ಥಮ್ಮನ ನಗು ಆರಿತು. ಅಯ್ಯಗಾರು ಹತ್ತಿರ ಬಂದು ಅವನ ಬಾಯಿ ಮೂಸಿದರು. ಚುಟ್ಟದ ವಾಸನೆ ಇರಲಿಲ್ಲ. ಅವರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಹುಸೇನಮ್ಮ ನಡುವೆ ಬಂದಳು. ಇವನು ಚುಟ್ಟ ಬಿಟ್ಟು ವರ್ಷವಾಯಿತು, ಗೌಡರ ಮನೆಯ ಅಡಿಗೆ ಮುಟ್ಟುವ ಧೈರ್ಯ ಇವನಿಗೆ ಸತ್ತರೂ ಬರುವುದಿಲ್ಲ, ಅದು ಊರಿಗೆಲ್ಲ ಗೊತ್ತಿದ್ದದ್ದೇ ಎಂದಳು. ಮಧ್ಯಾಹ್ನ ತನ್ನ ಕಿವಿಯಾರೆ ಕೇಳಿದ್ದು ಭೀಮಲಿಂಗಪ್ಪನ ಕೆಮ್ಮು, ಭೀಮಲಿಂಗಪ್ಪನ ಸೀನು.

"ಇವ ಉಚ್ಚೀರಪ್ಪ ಅಲ್ಲ. ಒಳಗ ಹೋದವ ಉಚ್ಚೀರಪ್ಪ, ಹೊರಗ ಬಂದವ ಭೀಮಣ್ಣ. ನಾನ ಸೇದೀನಿ, ನಾನ ತಿಂದೀನಿ ಅಂತ ಅವನ ಹೇಳಾಕತ್ಯಾನಲ್ಲ."

ಅಯ್ಯಗಾರು, ಕರ್ತನಿಗೆ ಸೇರಿದವರಲ್ಲಿ ಅಂಥದೆಲ್ಲ ಹೊಗುವುದಿಲ್ಲ ಎಂದರು. ಇವನಿಗಿನ್ನೂ ನಿಮ್ಮ ಸ್ನಾನ ಆಗಿಲ್ಲವಲ್ಲ, ಅದಕ್ಕೇ ಹೊಕ್ಕಿದೆ ಎಂದಳು ಹುಸೇನಮ್ಮ.

ಸಿದ್ದಬಸಪ್ಪನಿಗೆ ಅದೇ ಸಾಕಾಯಿತು. ಯಪ್ಪಾ ಎಂದು ಬಂದು ಉಚ್ಚೀರಪ್ಪನ ಕಾಲಿಗೆ ಬಿದ್ದ. ಹಿಂದೆಯೇ ಲಿಂಗಕ್ಕ, ಹೊಟ್ಟೆ ಹಿಡಿದುಕೊಂಡು, ಮಾವಾ ಎಂದು ಬಾಗಿದಳು. ತಾನು ಹೊಲಿದ ಕೆರಗಳನ್ನೇ ಮೆಟ್ಟಿದ್ದ ಗೌಡರ ಮನೆಯವರು ತನ್ನ ಬರಿಗಾಲು ಹಿಡಿದದ್ದನ್ನು ಕಂಡು ಉಚ್ಚೀರಪ್ಪ ನಡುಗಿ ಹಿಂದೆ ಸರಿದ. ನಡುಗಿದ್ದು ಮೈಮೇಲೆ ಬಂದದ್ದಕ್ಕೇ ಎಂದು ಜನ ಕೈ ಮುಗಿದರು. ಕೊನೆಗೆ ಬಸವಕ್ಕ ಬಂದು ನಿಂತಳು. ರೊಟ್ಟಿಯ ಜೊತೆ ಏನು ಹಚ್ಚಿಕೊಂಡೆ ಎಂದು ಕೇಳಿದಳು.

"ಮಾವಿನಕಾಯಿ ಉಪ್ಪಿನಕಾಯಿರಿ ಅಮ್ಮಾರ."

"ಅದಿಲ್ಲದ ತುತ್ತು ಎತ್ತತಿದ್ದಿಲ್ಲ ಅಂವ. ಹೊಟ್ಟಿ ತುಂಬಿತೇನು?"

"ತುಂಬಿತ್ರಿ," ಎಂದ ಉಚ್ಚೀರಪ್ಪ. ಅವನ ಖಾಲಿ ಹೊಟ್ಟೆ ಅದೇ ಹೊತ್ತಿಗೆ ಗುರ್ ಎಂದಿತು. ಎಲ್ಲರಿಗೂ ಕೇಳಿಸಿತು. ಮುದುಕಿ ಸೆರಗೊಡ್ಡಿ ನಮಸ್ಕಾರ ಮಾಡಿದಳು.

ಪುರೋಹಿತರಿಗೆ ಹೇಳಿ ಕಳಿಸಿದರು. ಅವರು ದೂರದಲ್ಲೇ ನಿಂತು ವಿಷಯ ಕೇಳಿ, ಜೀವ ಮನೆ ಬಿಟ್ಟು ಬೇರೆ ಆಸರೆ ಹಿಡಿದ ಮೇಲೆ ಮನೆಗೆ ದೋಷವಿಲ್ಲ, ಸುಣ್ಣ ಬಳಿದು ಈ ಹೊತ್ತೇ ಒಳಗೆ ಹೋಗಬಹುದು ಎಂದರು.

ಅಯ್ಯಗಾರು ಉಚ್ಚೀರಪ್ಪನನ್ನು ಪಕ್ಕಕ್ಕೆ ಕರೆದು, ನಿಜ ಏನೆಂದು ಮೆಲ್ಲಗೆ ಕೇಳಿದರು. ಮಾತು ಕೊಟ್ಟಿದ್ದೇನೆ, ಹೇಳಲಾರೆ ಎಂದ ಅವನು. ಅಯ್ಯಗಾರು ಒಳ್ಳೆಯವರು. ಅವನ ಹೆಗಲ ಮೇಲೆ ಕೈ ಇಟ್ಟರು.

"ನೀ ಚುಟ್ಟ ಸೇದಿದ್ದು ಖರೆ ಆದ್ರ ಇನ್ನೂ ತಯಾರಾಗಿಲ್ಲ. ಸೇದಿಲ್ಲ ಅಂದ್ರ ಸುಳ್ಳು ಹೇಳಿದಿ, ಆಗೂ ತಯಾರಾಗಿಲ್ಲ. ಇನ್ನ ಈ ಊರ ಮಂದಿ ಹೇಳೋದು ಕೇಳಿದ್ರ, ನಾ ನೀರಾಗ ಮುಳಗಿಸಬೇಕಾದವ ಉಚ್ಚೀರಪ್ಪನೋ ಭೀಮಲಿಂಗಪ್ಪನೋ ನನಗ ತಿಳಿವಲ್ದು. ಬರೋ ವರ್ಷ ನೋಡೋಣ."

ಮರುದಿನ ಮುಂಜಾನೆ ಉಳಿದವರೆಲ್ಲ ತುಂಗಭದ್ರೆಯಲ್ಲಿ ಮುಳುಗಿ ಎದ್ದು ಹಾಡು ಹೇಳಿದರು. ಉಚ್ಚೀರಪ್ಪ ದಂಡೆಯ ಮೇಲೆ ಅವರ ಒಣ ಬಟ್ಟೆ, ಕೆರಗಳನ್ನು ಕಾಯುತ್ತ ಕೂತ. ಆದೋನಿಯ ಬೀಗರು ಹುಡುಗಿಯ ಮುಖ ನೋಡಿ ಇನ್ನೊಂದು ವರ್ಷ ಕಾಯುತ್ತೇವೆ ಎಂದು ಅಯ್ಯಗಾರ ಕೈಯಲ್ಲಿ ಆಮೇಲೆ ಹೇಳಿ ಕಳಿಸಿದರು. ಮಾರ್ಥಮ್ಮ ಮನೆಗೆ ಬರುವ ತನಕ ಒಂದು ಮಾತೂ ಆಡಲಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ.

ಮಧ್ಯಾಹ್ನ ಬಸವಕ್ಕ ಅವನ ಗುಡಿಸಲಿಗೆ ಬಂದಳು. ಆ ಕೇರಿಗೆ ಗೌಡರ ಮನೆಯ ಹೆಂಗಸು ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ತಟ್ಟೆ, ರೊಟ್ಟಿ, ಮಾವಿನಕಾಯಿ, ಪಕ್ಕದಲ್ಲಿ ಒಂದು ಚುಟ್ಟ. ಓಣಿಯ ಜನ ದೂರದಿಂದ ಕೈ ಮುಗಿದು ನಿಂತರು. ಮುದುಕಿ ಅವನ ಎದುರು ಕೂತು ತಟ್ಟೆ ಸರಿಸಿದಳು.

ಉಚ್ಚೀರಪ್ಪನಿಗೆ ಅಳು ಬಂದ ಹಾಗಾಯಿತು. ದನಿ ತಗ್ಗಿಸಿ, ಅಮ್ಮಾರ, ನಾನು ನಿಮ್ಮ ಗಂಡನಲ್ಲ, ಬೇಡ ಇದು ಎಂದ.

"ಗೊತ್ತೈತಲೋ," ಎಂದಳು ಬಸವಕ್ಕ, ಅವನಷ್ಟೇ ಮೆಲ್ಲಗೆ. "ನನ್ನ ಸೊಸಿ ತಿಂತಿದ್ಲು ಅನ್ನೋದೂ ಗೊತ್ತಿತ್ತು. ನನ್ನ ಪಾಲಿಂದು ಆಕಿ ತಿನ್ನಲಿ ಅಂತನ ಇಡ್ತಿದ್ದೆ. ಕರದು ಕೊಟ್ರ ಗುರುಬಸಮ್ಮ ನೋಡ್ತಾಳ. ನನ್ನ ಮಗನ ಸೀನು ಗೊತ್ತಾಗಲಾರದಷ್ಟು ಕಿವಿ ಹೋಗಿಲ್ಲ ನನಗ."

ಉಚ್ಚೀರಪ್ಪ ತಟ್ಟೆ ಹಿಂದಕ್ಕೆ ಸರಿಸಿದ. ಯಾರ ಎದೆ ಒಡೆಯಬಾರದೆಂದು ತಾನು ನದಿಯ ದಂಡೆಯಲ್ಲಿ ಕೂತನೋ ಆ ಎದೆ ಕಲ್ಲಿನ ಹಾಗೆ ಎದುರಿಗಿತ್ತು. ಹಾಗಾದರೆ ನಿನ್ನೆ ಯಾಕೆ ಕೈ ಮುಗಿದಿರಿ ಎಂದು ಕೇಳಿದ.

"ಮನಿಗೆ ಹೋಗಬೇಕಾಗಿತ್ತು. ಜಂಬಪ್ಪನ ಮಾತು ಇನ್ನೆರಡು ತಿಂಗಳು ಕೇಳಿದ್ರ ನಾನೂ ಪಂಚಕದಾಗ ಹೋಗ್ತಿದ್ದೆ."

ಅಯ್ಯಗಾರಿಗೆ ಇಷ್ಟನ್ನು ಹೇಳಿಬಿಡಿ, ನನ್ನ ಮಗಳ ಮದುವೆ ಉಳಿಯುತ್ತದೆ ಎಂದು ಅವನು ಬೇಡಿಕೊಂಡ. ಮುದುಕಿ ಯೋಚನೆ ಮಾಡಿದಳು. ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಎಂದಳು. ಆದರೆ ಈಗ ಹೇಳಿದರೆ ಪುರೋಹಿತರು ಮತ್ತೆ ಮುಳ್ಳು ಬಡಿಯುತ್ತಾರೆ, ಬಸುರಿಯನ್ನು ಕಟ್ಟಿಕೊಂಡು ಮತ್ತೆ ಆ ಮನೆಗೆ ಹೋಗಬೇಕು. ಪಂಚಕದ ಗಡುವು ಮುಗಿಯಲಿ.

"ಅಲ್ಲೀ ತನಕ ನೀನ ಭೀಮಲಿಂಗಪ್ಪ. ಮಂದಿ ನೋಡಾಕತ್ಯಾರ, ತಿನ್ನು. ಮತ್ತ ಹಂಗ ತಿಂತಾರೇನು? ಸಾವಕಾಶ. ಅಂವಗೂ ಇದ ಚಾಳಿ ಇತ್ತು, ಎರಡು ಬೆರಳಿಲೆ ಮುರಿ ಅಂತ ಎಷ್ಟ ಸಲ ಹೇಳೀನಿ. ತಲಿ ಎತ್ತು. ಮೀಸಿಗೆ ಉಪ್ಪಿನಕಾಯಿ ಹತ್ತೈತಿ, ಒರಸ್ಕೊ."

ಹಸಿವು ಹಸಿವೇ. ಉಚ್ಚೀರಪ್ಪ ಎರಡು ಬೆರಳಿನಿಂದ ಮುರಿದು ತಿನ್ನತೊಡಗಿದ. ಮುಂದೆ ಬಸವಕ್ಕ ಭೀಮಲಿಂಗಪ್ಪನನ್ನು ಬೈಯುತ್ತಿದ್ದಳು. ಹಿಂದೆ ಬಾಗಿಲಲ್ಲಿ ಮಾರ್ಥಮ್ಮ ಉಚ್ಚೀರಪ್ಪನನ್ನು ಬೈಯುತ್ತಿದ್ದಳು. ಇಬ್ಬರಿಗೂ ಹೂಂ ಅನ್ನಲು ಅಲ್ಲಿದ್ದದ್ದು ಅವನೊಬ್ಬನೇ.